ಮೂವತ್ತೊಂದು ಗಡಿಗೆ

‘ನಾನು ಹಾಕಿದ್ದು ಒಂದೇ ಒಂದು ಚಮಚ’ ಎಂದು ಹೇಳಿ ಕೈ ತೊಳೆದುಕೊಂಡವರಲ್ಲಿ ನೀವೂ ಒಬ್ಬರಲ್ಲವೆ? ತಲೆ ತಗ್ಗಿಸಬೇಡಿ. ನಿಮ್ಮನ್ನು ಕೇಳುತ್ತಿರುವವಳೂ ತಪ್ಪಿತಸ್ಥೆಯೇ. ಮೂವತ್ತೆಂಟು ವರ್ಷ ಕರಿಹಲಗೆಯ ಮುಂದೆ ನಿಂತು ಮಕ್ಕಳಿಗೆ ವಿಜ್ಞಾನವನ್ನೂ ನೀತಿಪಾಠವನ್ನೂ ಹೇಳಿದವಳು ನಾನು. ಹೆಸರು ಅಂಬುಜಾಕ್ಷಿ; ಊರಿನವರ ಬಾಯಲ್ಲಿ ಅಕ್ಕೋರು. ಉತ್ತರ ಗೊತ್ತಿಲ್ಲದ ಮಗುವನ್ನು ನಾನು ಎಂದೂ ದಂಡಿಸಲಿಲ್ಲ. ಗೊತ್ತಿದ್ದೂ ಪಕ್ಕದ ಪಾಟಿ ನೋಡಿ ಬರೆದ ಮಗುವನ್ನು ಮಾತ್ರ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ನಿಯಮದ ಪ್ರಕಾರ ಈಗ ನಮ್ಮ ಇಡೀ ಊರು ಬೆಂಚಿನ ಮೇಲೆ ನಿಲ್ಲಬೇಕು. ಎಲ್ಲರಿಗಿಂತ ಮೊದಲು ನಾನು ನಿಲ್ಲಬೇಕು.

ನಮ್ಮ ಊರು ದಿಬ್ಬವೊಂದರ ಮೈಮೇಲಿದೆ. ಮನೆಗಳು ನಾನೂರು ಇದ್ದರೂ ಗಡಿಗೆ ಇಡುವ ಮನೆಗಳು ಮೂವತ್ತೊಂದೇ. ದಿಬ್ಬದ ಬುಡದಲ್ಲಿ ಹದಿನಾರು, ಅದರ ಮೇಲಿನ ಸಾಲಿನಲ್ಲಿ ಎಂಟು, ಆಮೇಲೆ ನಾಲ್ಕು, ಆಮೇಲೆ ಎರಡು, ನೆತ್ತಿಯಲ್ಲಿ ಒಂದು. ತಾವಾಗಿ ತೀರ್ಮಾನಿಸಲು ಮನಸ್ಸಿಲ್ಲದ ಪ್ರಶ್ನೆ ಊರಿಗೆ ಎದುರಾದಾಗ, ಬುಡದ ಹದಿನಾರು ಮನೆಯವರು ದೀಪ ಹಚ್ಚುವ ಹೊತ್ತಿಗೆ ಉಗುರುಬೆಚ್ಚಗಿನ ಆಕಳ ಹಾಲಿಗೆ ಹೆಪ್ಪು ಹಾಕಿ, ಗಡಿಗೆಯೊಳಕ್ಕೆ ಬಗ್ಗಿ, ಆ ಪ್ರಶ್ನೆಯನ್ನು ಒಮ್ಮೆ ಹೇಳಿ ಮುಚ್ಚುತ್ತಾರೆ. ಮರುದಿನ ಅದೇ ಹೊತ್ತಿಗೆ ಮೇಲಿನ ಸಾಲಿನ ಪ್ರತಿಯೊಂದು ಮನೆಯೂ ತನ್ನ ಕೆಳಗಿನ ಎರಡು ಗಡಿಗೆಗಳಿಂದ ಒಂದೊಂದು ಚಮಚ ತಂದು ತನ್ನ ಹಾಲಿಗೆ ಬೆರೆಸುತ್ತದೆ. ಹೀಗೆ ಹೆಪ್ಪು ಸಾಲಿನಿಂದ ಸಾಲಿಗೆ ಏರುತ್ತದೆ. ಕೆಲವು ಗಡಿಗೆಗಳಲ್ಲಿ ಮೊಸರು ಕಟ್ಟುತ್ತದೆ. ಕೆಲವುಗಳಲ್ಲಿ ಹಾಲು ಹಾಲಾಗಿಯೇ ಉಳಿಯುತ್ತದೆ. ಗಟ್ಟಿಯಾಗಲಿ ನೀರಾಗಲಿ, ಇದ್ದದ್ದನ್ನೇ ಮೇಲಕ್ಕೆ ಕೊಡಬೇಕು. ಆರನೆಯ ದಿನ ಬೆಳಿಗ್ಗೆ ನೆತ್ತಿಯ ಮನೆಯ ಅಡಿವೆಪ್ಪಜ್ಜ ಎಲ್ಲರೆದುರು ಮುಚ್ಚಳ ತೆಗೆದು ಗಡಿಗೆಯನ್ನು ಓರೆ ಮಾಡುತ್ತಾನೆ. ಅಲುಗದಿದ್ದರೆ ಉತ್ತರ ಹೌದು. ಹರಿದರೆ ಅಲ್ಲ. ಕೇಳಿದ ಪ್ರಶ್ನೆಯನ್ನು ತಿರುಗಿಸಿಯೂ ಒಂದು ವರ್ಷದೊಳಗೆ ಮತ್ತೆ ಕೇಳುವಂತಿಲ್ಲ.

ಆ ದಿನಗಳಿಗೆ ನಮ್ಮಲ್ಲಿ ಸಪ್ಪೆ ವಾರ ಎಂದು ಹೆಸರು. ಹುಳಿಯ ಸೋಂಕು ಗಡಿಗೆಗೆ ತಗಲಬಾರದೆಂದು ಊರಿನ ಹುಣಸೆಹಣ್ಣು, ನಿಂಬೆಹಣ್ಣು, ಉಪ್ಪಿನಕಾಯಿಯ ಜಾಡಿ ಎಲ್ಲವನ್ನೂ ಶಾಲೆಯ ಕೋಣೆಯಲ್ಲಿಟ್ಟು ಬೀಗ ಹಾಕುತ್ತೇವೆ. ಗಂಡಸರು ಸಪ್ಪೆ ಬೇಳೆ ಉಂಡು ಮುಖ ಕಿವುಚುತ್ತಾರೆ. ಆ ವಾರ ಜನರ ತಲೆಯೂ ಹಗುರಾಗುತ್ತದೆ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ತಾಯಂದಿರು ಮಕ್ಕಳ ಹೆಸರನ್ನು ಬಟ್ಟೆಯ ಮೇಲೆ ಬರೆದು ಅವರ ರಟ್ಟೆಗೆ ಕಟ್ಟುತ್ತಾರೆ. ಯಾರಾದರೂ ಹಿರಿಯರು ಪರರ ಮನೆಗೆ ನುಗ್ಗಿ ಚಪ್ಪಲಿ ಬಿಟ್ಟು ಕುಳಿತರೆ, ಆ ಮನೆಯ ಸೊಸೆ “ಕಾಕಾ, ಇದು ನಿಮ್ಮನಿ ಅಲ್ರಿ, ಮುಂದಿಂದು. ನೀರು ಕುಡದು ಹೋಗ್ರಿ” ಎನ್ನುತ್ತಾಳೆ. ಯಾರೂ ನಗುವುದಿಲ್ಲ. ತಲೆ ಗಡಿಗೆಯಲ್ಲಿದೆ, ಬರುತ್ತದೆ ಎನ್ನುತ್ತಾರೆ. ಆರನೆಯ ದಿನ ನೆತ್ತಿಯ ಗಡಿಗೆಯ ಮೊಸರನ್ನು ಕಡೆದು ಮಜ್ಜಿಗೆ ಮಾಡಿ ನಾನೂರು ಮನೆಗೂ ಹಂಚುತ್ತಾರೆ. ಆ ಮಜ್ಜಿಗೆಯ ಕೊನೆಯ ಗುಟುಕಿನಿಂದಲೇ ಪ್ರತಿ ಮನೆಯ ಮುಂದಿನ ಹೆಪ್ಪು. ಕುಡಿದ ಅರ್ಧ ಗಳಿಗೆಯೊಳಗೆ ತಲೆ ತಿರುಗಿ ತನ್ನ ಜಾಗಕ್ಕೆ ಬರುತ್ತದೆ. ಉತ್ತರ ಹರಿದ ವಾರಗಳಲ್ಲಿ ಹರಿದದ್ದನ್ನೇ ಕುಡಿಯುತ್ತೇವೆ; ಅದರಿಂದಲೂ ತಲೆ ಬರುತ್ತದೆ.

ಇದನ್ನು ನಾನು ಪಾಠವನ್ನಾಗಿ ಹೇಳಿಕೊಟ್ಟಿದ್ದೇನೆ. ಅದೇ ನನ್ನ ಮೊದಲನೆಯ ಅಪರಾಧ. ಜೀವಕೋಶದ ಪಾಠದಲ್ಲಿ ಕರಿಹಲಗೆಯ ಮೇಲೆ ಮೂವತ್ತೊಂದು ಸೊನ್ನೆ ಬರೆದು, ಗೆರೆ ಎಳೆದು ಜೋಡಿಸುತ್ತಿದ್ದೆ. ‘ಮೊಸರಿನ ಒಂದೊಂದು ಜೀವಾಣುವೂ ತನ್ನ ನೆರೆಯವರನ್ನು ಎಣಿಸುತ್ತದೆ. ಸಾಕಷ್ಟು ಜನ ಸೇರಿದ್ದಾರೆಂದು ತಿಳಿದಾಗ ನಡತೆ ಬದಲಿಸುತ್ತದೆ. ನಮ್ಮ ಮಿದುಳಿನ ನರಕೋಶವೂ ಹಾಗೆಯೇ. ಪಕ್ಕದವರು ಕೊಟ್ಟದ್ದನ್ನು ಕೂಡುತ್ತದೆ. ಮೊತ್ತ ಸಾಕಷ್ಟಾದರೆ ಮುಂದಿನವರಿಗೆ ಮುಟ್ಟಿಸುತ್ತದೆ, ಸಾಲದಿದ್ದರೆ ಸುಮ್ಮನಿರುತ್ತದೆ. ಯಾವ ಕೋಶಕ್ಕೂ ಪ್ರಶ್ನೆ ಏನೆಂದು ಗೊತ್ತಿಲ್ಲ. ಆದರೂ ಕೊನೆಯಲ್ಲಿ ಉತ್ತರ ಬರುತ್ತದೆ. ನಮ್ಮ ಊರು ಅಂಥದೊಂದು ತಲೆ, ಮಕ್ಕಳೇ.’ ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು.

ಒಂದು ವರ್ಷ ಆರನೆಯ ಇಯತ್ತೆಯಲ್ಲಿ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದಳು. ಗಡಿಗೆಗಳನ್ನು ಮಾಡುವ ಕುಂಬಾರರ ಮನೆಯ ನೀಲಗಂಗವ್ವ. ಅಂಗೈ ತುಂಬ ಒಣಗಿದ ಮಣ್ಣು. “ಅಕ್ಕೋರ, ಹಂಗಾದ್ರ ಉತ್ತರ ತಪ್ಪು ಬಂದ್ರ ಯಾವ ಕೋಶಕ್ಕ ಬಡೀಬೇಕ್ರಿ?” ಎಂದು ಕೇಳಿದಳು.

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. “ಅಧಿಕಪ್ರಸಂಗ ಸಾಕು, ಕೂಡು,” ಎಂದೆ. ಅವಳು ಕುಳಿತಳು. ಆ ಪ್ರಶ್ನೆ ಮಾತ್ರ ಇಪ್ಪತ್ತೆರಡು ವರ್ಷ ನಿಂತೇ ಇತ್ತು.

ಮೊನ್ನೆಯ ಮಾಗಿಯಲ್ಲಿ ಹೊಸ ಬಾವಿಯೊಂದು ತೋಡಿ ಮುಗಿಯಿತು. ಅದರ ನೀರು ಕುಡಿಯಬಹುದೆ ಎಂದು ಗಡಿಗೆಗಳನ್ನು ಕೇಳಿದರು. ನೆತ್ತಿಯ ಮೊಸರು ಅಲುಗಲಿಲ್ಲ. ಕುಡಿದರು. ಹನ್ನೊಂದು ಮಕ್ಕಳು ವಾಂತಿಭೇದಿಯಿಂದ ಮಲಗಿದರು. ದೇವರ ದಯೆಯಿಂದ ಎಲ್ಲರೂ ಎದ್ದರು. ಆದರೆ ಊರಿನ ತಲೆ ತಪ್ಪು ಹೇಳಿತೆಂಬುದನ್ನು ಒಪ್ಪುವವರು ಯಾರು? ಯಾವುದೋ ಗಡಿಗೆ ಕೆಟ್ಟಿರಬೇಕು ಎಂದರು. ಅಡಿವೆಪ್ಪಜ್ಜನ ಅಂಗಳದಲ್ಲಿ ಮೂವತ್ತೊಂದು ಮನೆಯವರೂ ಸೇರಿದೆವು. ಒಬ್ಬೊಬ್ಬರಾಗಿ ‘ನಮ್ಮದು ನಿಯಮದಂತಿತ್ತು’ ಎನ್ನುತ್ತ ಬಂದರು. ನೀಲಗಂಗವ್ವನ ಮನೆ ಎರಡನೆಯ ಸಾಲಿನದು. ಗಂಡ ತೀರಿಹೋದ ಮೇಲೆ ಕುಂಬಾರಿಕೆಯ ಗಾಲಿಯನ್ನೂ ಗಡಿಗೆಯನ್ನೂ ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಅವಳ ಸರದಿ ಬಂತು.

“ನಮ್ಮ ಆಕಳ ಹಾಲು ಬತ್ತಿತ್ರಿ ಅಜ್ಜಾರ. ನಾ ಆಡಿನ ಹಾಲು ಇಟ್ಟಿದ್ದೆ,” ಎಂದಳು.

ನನ್ನ ಪಕ್ಕದಲ್ಲಿ ಕುಳಿತಿದ್ದ ಸಾವಂತ್ರವ್ವ, ನಾಲ್ಕನೆಯ ಸಾಲಿನ ನಮ್ಮ ಎರಡು ಮನೆಗಳಲ್ಲಿ ಇನ್ನೊಂದರ ಯಜಮಾನಿ, ಹಲ್ಲು ಕಡಿದು ಪಿಸುಗುಟ್ಟಿದಳು: “ಹುಚ್ಚಿ. ಯಾವ ಹಾಲಂತ ಯಾರರ ಕೇಳಿದ್ರೇನ್ ಈಕಿನ್ನ?”

ನೀಲಗಂಗವ್ವನಿಗೆ ಅದು ಕೇಳಿಸಿತು. ಅವಳು ನನ್ನ ಕಡೆಗೆ ತಿರುಗಿ, ತಪ್ಪಿಲ್ಲದ ಲೆಕ್ಕವನ್ನು ತೋರಿಸುವ ಮಗುವಿನಂತೆ ಹೇಳಿದಳು: “ಖರೇ ಹೇಳ್ಬೇಕಂತ ನೀವ ಕಲಿಸೀರಲ್ರಿ, ಅಕ್ಕೋರ.”

ಹೌದು, ನಾನೇ ಕಲಿಸಿದ್ದೆ. ಎದ್ದು ನಿಂತು ‘ಆಡಿನ ಹಾಲಿನಿಂದ ಬಾವಿಯ ನೀರು ಕೆಡುವುದಿಲ್ಲ, ಬಾವಿಯನ್ನು ಪರೀಕ್ಷಿಸಿ’ ಎಂದು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಗಡಿಗೆಗಳು ನ್ಯಾಯ ಹೇಳುತ್ತವೆ ಎಂದು ನಂಬಿ ಸುಮ್ಮನಿದ್ದೆ. ನೀಲಗಂಗವ್ವನನ್ನು ಊರ ಹೊರಗೆ ಇಡಬೇಕೆ ಎಂಬುದೇ ಮುಂದಿನ ಪ್ರಶ್ನೆಯಾಯಿತು.

ಊರ ಹೊರಗೆ ಎಂದರೆ ಗಡಿಕಲ್ಲಿನ ಆಚೆ. ಅಲ್ಲಿಗೆ ನಮ್ಮ ಮೊಸರು ಹೋಗುವುದಿಲ್ಲ. ಕಲ್ಲು ದಾಟಿದ ಕ್ಷಣ ಎಷ್ಟೇ ಗಟ್ಟಿ ಮೊಸರಾದರೂ ನೀರಾಗುತ್ತದೆ. ಹುಟ್ಟಿದಾಗಿನಿಂದ ಅದನ್ನೇ ಉಂಡು ಬೆಳೆದವರಿಗೆ ಅದಿಲ್ಲದಿದ್ದರೆ ಏನಾಗುತ್ತದೆಂದು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೆ. ಸಂಗಪ್ಪ ಎಂಬ ಹಾಡುಗಾರನನ್ನು ಹೊರಗಿಟ್ಟಿದ್ದರು. ಹದಿನೈದು ದಿನಕ್ಕೆ ಅವನು ತನ್ನ ಹೆಸರು ಮರೆತ. ಮರುತಿಂಗಳು ಬಾಯಾರಿಕೆ ಎಂದರೇನೆಂಬುದನ್ನೇ ಮರೆತು, ತುಂಬಿದ ಕೆರೆಯ ಮೆಟ್ಟಿಲ ಮೇಲೆ ಕುಳಿತು, ನೀರನ್ನೇ ನೋಡುತ್ತ ಒಣಗಿ ಸತ್ತ.

ಸಪ್ಪೆ ವಾರ ಶುರುವಾಯಿತು. ನಾಲ್ಕನೆಯ ದಿನ ದೀಪ ಹಚ್ಚುವ ಹೊತ್ತಿಗೆ ನಾನು ಕೆಳಗಿನ ಎರಡು ಮನೆಗಳಿಂದ ಚಮಚ ತಂದು ಬೆರೆಸಿ ಮುಚ್ಚಿದೆ. ಐದನೆಯ ದಿನ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದರೆ ಗಡಿಗೆಯಲ್ಲಿ ಬರಿಯ ಹಾಲು.

ಈಗ ನನ್ನ ಮನಸ್ಸಿನೊಳಗೆ ಇಣುಕಿ ನೋಡಿ, ಸಂಕೋಚಪಡಬೇಡಿ. ನನ್ನ ಗಡಿಗೆ ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ನೀರಾಗಿರಲಿಲ್ಲ. ನೀರಾದರೆ ನಾಚಿಕೆಯಿಲ್ಲ ಎಂದು ನಿಯಮ ಹೇಳುತ್ತದೆ. ಆದರೆ ಬಾವಿಕಟ್ಟೆಯ ಮೇಲೆ ಜನ ಹೇಳುವುದೇ ಬೇರೆ. ನೀರಾದ ಮನೆಯವಳು ಕೊಳಕಿ, ಸೋಮಾರಿ, ಕೈಗುಣವಿಲ್ಲದವಳು. ‘ಅಕ್ಕೋರ ಕೈ ಅಂದ್ರ ಕೈ ನೋಡವ್ವ, ಮಸರು ಕಲ್ಲಾಗ್ತೈತಿ’ ಎಂದು ಅತ್ತೆಯರು ಸೊಸೆಯರಿಗೆ ನನ್ನನ್ನು ತೋರಿಸುತ್ತಿದ್ದರು. ಸಂಜೆ ಅಡಿವೆಪ್ಪಜ್ಜನ ಸೊಸೆ ಚಮಚ ಹಿಡಿದು ಬಂದಾಗ ಅದರಿಂದ ತೊಟಕ್ಕೆಂದು ಹಾಲು ಸುರಿಯುವುದನ್ನು ನಾನು ನೆನೆದೆ. ಅಷ್ಟೇ. ನೀಲಗಂಗವ್ವನನ್ನು ನೆನೆಯಲಿಲ್ಲ. ನನ್ನ ಗಡಿಗೆ ಅವಳ ಪರವಾಗಿ ‘ಅಲ್ಲ’ ಎನ್ನುತ್ತಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಸಪ್ಪೆ ವಾರದಲ್ಲಿ ತಲೆ ಹಗುರಾಗಿತ್ತೆಂಬ ನೆವವನ್ನು ನಾನು ಹೇಳುವುದಿಲ್ಲ. ಅಡ್ಡದಾರಿ ಹುಡುಕುವಷ್ಟು ತಲೆ ಇದ್ದೇ ಇತ್ತು.

ಹುಣಸೆ, ನಿಂಬೆ ಎಲ್ಲ ಬೀಗದೊಳಗಿದ್ದವು. ಆದರೆ ಹಸಿಮೆಣಸಿನಕಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ಹೆಪ್ಪಿಲ್ಲದ ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟನ್ನು ಬೆಚ್ಚಗಿನ ಹಾಲಿನಲ್ಲಿಟ್ಟರೂ ಮೊಸರಾಗುತ್ತದೆಂದು ನಮ್ಮಜ್ಜಿ ಹೇಳಿದ್ದಳು. ವಿಜ್ಞಾನ ಕಲಿತ ನನಗೆ ಅದರ ಕಾರಣವೂ ಗೊತ್ತಿತ್ತು. ಹಾಲನ್ನು ಮತ್ತೆ ಬೆಚ್ಚಗೆ ಮಾಡಿ, ಏಳು ತೊಟ್ಟು ಹಾಕಿ, ಒಲೆಯ ಪಕ್ಕದ ಬೂದಿಯಲ್ಲಿ ಗಡಿಗೆಯನ್ನು ಹೂತಿಟ್ಟೆ. ಸಂಜೆಯ ಹೊತ್ತಿಗೆ ಮೊಸರು ಕಲ್ಲಾಗಿತ್ತು. ತೊಟ್ಟುಗಳನ್ನು ಹೆಕ್ಕಿ ಒಲೆಗೆ ಹಾಕಿದೆ. ಅಡಿವೆಪ್ಪಜ್ಜನ ಸೊಸೆ ಬಂದು ಚಮಚ ಅದ್ದಿ, “ಏನ್ ಕೈರಿ ಅಕ್ಕೋರ ನಿಮ್ದು! ಚಮಚಾ ನಿಂತ ಬಿಡ್ತು ನೋಡ್ರಿ,” ಎಂದಳು. ನಾನು ನಕ್ಕೆ. ದೇವರೇ, ನಾನು ನಕ್ಕೆ.

ಆರನೆಯ ದಿನ ಬೆಳಿಗ್ಗೆ ಅಡಿವೆಪ್ಪಜ್ಜ ಗಡಿಗೆಯನ್ನು ಓರೆ ಮಾಡಿದ. ಮೊಸರು ಅಲುಗಲಿಲ್ಲ. ಗಡಿಗೆಯನ್ನು ಇನ್ನಷ್ಟು ಬಾಗಿಸಿದ, ಕೊನೆಗೆ ತಲೆಕೆಳಗು ಮಾಡಿದ, ಆಗಲೂ ಬೀಳಲಿಲ್ಲ. ಇಷ್ಟು ಸ್ಪಷ್ಟವಾದ ಹೌದನ್ನು ಯಾರೂ ಕಂಡಿರಲಿಲ್ಲ. ನೀಲಗಂಗವ್ವ ಅಳಲಿಲ್ಲ. ತನ್ನ ಆಡನ್ನು ಹಗ್ಗದಲ್ಲಿ ಹಿಡಿದುಕೊಂಡು ಗಡಿಕಲ್ಲು ದಾಟಿ, ಆಚೆಗಿದ್ದ ಅವರಪ್ಪನ ಕಾಲದ ಹಳೆಯ ಆವಿಗೆಯ ಪಕ್ಕದಲ್ಲಿ, ಗಡಿಗೆ ಸುಡುತ್ತಿದ್ದ ಆ ಜಾಗದಲ್ಲಿ, ಗಂಟು ಇಳಿಸಿದಳು. ಊರಿನಲ್ಲಿ ಮಜ್ಜಿಗೆ ಹಂಚಿದರು. ನಾನೂ ಕುಡಿದೆ.

ಮೂರನೆಯ ದಿನ ನಾನು ರೊಟ್ಟಿ ಕಟ್ಟಿಕೊಂಡು ಆವಿಗೆಗೆ ಹೋದೆ. ಅವಳು ಚೆನ್ನಾಗಿಯೇ ಮಾತಾಡಿದಳು. ನನ್ನ ಮಂಡಿನೋವು ಕೇಳಿದಳು. ಆದರೆ ಆಡನ್ನು ತೋರಿಸಿ “ಇದರ... ಇದು... ಹಾಲು ಕೊಡೂದು” ಎಂದು ತಡವರಿಸಿದಳು. ಏಳನೆಯ ದಿನ ಹೋದಾಗ ಅವಳು ಅಲ್ಲಿದ್ದ ಅಪ್ಪನ ಹಳೆಯ ಗಾಲಿಯ ಮುಂದೆ ಕುಳಿತಿದ್ದಳು. ಕೈ ಎಂದಿನಂತೆ ಚುರುಕಾಗಿ ಓಡುತ್ತಿತ್ತು. ಅವಳ ಹಿಂದೆ ಒಣಗಲಿಟ್ಟ ಹದಿನೆಂಟು ಗಡಿಗೆಗಳಿದ್ದವು. ದುಂಡಗೆ, ನಯವಾಗಿ, ಕುತ್ತಿಗೆಯವರೆಗೆ ಎಲ್ಲವೂ ಸರಿಯಾಗಿ. ಒಂದಕ್ಕೂ ಬಾಯಿ ಇರಲಿಲ್ಲ. ಮೇಲೆ ಮಣ್ಣು ಸೇರಿ ಮುಚ್ಚಿಹೋಗಿತ್ತು.

“ನೀಲವ್ವಾ, ಬಾಯಿ ಯಾಕ ಬಿಟ್ಟಿಲ್ಲ?” ಎಂದೆ.

ಅವಳು ಗಡಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಬಾಯಿ,” ಎಂದಳು. ತನ್ನ ತುಟಿಗಳನ್ನು ಮಣ್ಣಿನ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡಳು. ಸಂಗಪ್ಪನ ಸಾವು ನನ್ನ ಕಣ್ಣ ಮುಂದೆ ಬಂತು. ಊರಿನ ಮೊಸರಂತೂ ಕಲ್ಲು ದಾಟದು. ಅವಳ ಆಡಿನ ಹಾಲನ್ನೇ ಕರೆದು ಕಾಯಿಸಿ, ನನ್ನ ಬುತ್ತಿಯಲ್ಲಿದ್ದ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ, ಆವಿಗೆಯ ಬಿಸಿಬೂದಿಯಲ್ಲಿಟ್ಟು ಬಂದೆ. ಮರುದಿನ ಹೋಗಿ ಆ ಮೊಸರಿನಲ್ಲಿ ರೊಟ್ಟಿ ಕಲಸಿ ಉಣ್ಣಿಸಿದೆ. ಅರ್ಧ ಗಳಿಗೆಯೊಳಗೆ ಅವಳ ಕಣ್ಣು ತಿಳಿಯಾಯಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

“ನನ್ನ ಗುರುತು ಸಿಕ್ತೇನವ್ವ?”

“ಹೌದ್ರಿ.”

“ನಾ ಯಾರು ಹೇಳು.”

“ಹೌದ್ರಿ,” ಎಂದು ನಕ್ಕಳು.

ನೀರು ಬೇಕೇ ಎಂದೆ. ಹೌದೆಂದಳು. ತಂಬಿಗೆ ಕೊಟ್ಟೆ, ಗಟಗಟ ಕುಡಿದಳು. ಇನ್ನಷ್ಟು ಬೇಕೇ ಎಂದೆ, ಹೌದೆಂದಳು. ಎರಡನೆಯದು, ಮೂರನೆಯದು. ನಾಲ್ಕನೆಯ ತಂಬಿಗೆಯಲ್ಲಿ ನೀರು ಅವಳ ಮೂಗಿನಿಂದ ಹೊರಗೆ ಬಂತು; ಆಗಲೂ ನಗುತ್ತ ಕೈ ಚಾಚಿದಳು. ನಾನು ತಂಬಿಗೆಯನ್ನು ಕಸಿದುಕೊಂಡೆ. ಕೇಳಬಾರದಾಗಿತ್ತು, ಆದರೂ ಕೇಳಿದೆ: “ನಿನ್ನ ಹೊರಗ ಹಾಕಿದ್ದು ಸರಿ ಏನವ್ವ?”

“ಹೌದ್ರಿ, ಅಕ್ಕೋರ.”

ತರಗತಿಯಲ್ಲಿ ಎದ್ದು ನಿಂತ ಆ ಹುಡುಗಿಯ ಕಣ್ಣುಗಳೇ ಅವು. ಒಳಗೆ ಪ್ರಶ್ನೆ ಮಾತ್ರ ಇರಲಿಲ್ಲ. ತೊಟ್ಟಿನಿಂದ ಆದ ಮೊಸರಿಗೆ ಗಟ್ಟಿಯಾಗುವುದಷ್ಟೇ ಗೊತ್ತು. ನೀರಾಗಿ ಉಳಿಯುವುದನ್ನು ಅದು ಯಾವ ಮನೆಯಲ್ಲಿಯೂ ಕಲಿತಿಲ್ಲ. ನೆತ್ತಿಯ ಗಡಿಗೆ ತಲೆಕೆಳಗಾದರೂ ಮೊಸರು ಬೀಳದಿದ್ದುದು ಏಕೆಂದು ನನಗೆ ಆಗ ತಿಳಿಯಿತು. ಆ ಗಡಿಗೆಯ ಮಜ್ಜಿಗೆಯನ್ನು ನಾನೂರು ಮನೆಯವರೂ ಕುಡಿದಿದ್ದರು. ಕಡೆಯ ಗುಟುಕನ್ನು ಹೆಪ್ಪಿಗೆಂದು ಎತ್ತಿಟ್ಟಿದ್ದರು.

ಆ ದಿನದಿಂದ ನಾನು ಊರಿನ ಮೊಸರನ್ನು ದಿನಕ್ಕೊಂದು ಚಮಚಕ್ಕೆ ಇಳಿಸಿದೆ. ಇಳಿಸಿದ ಮೇಲೆಯೇ ಸುತ್ತಲಿನದು ಕಾಣತೊಡಗಿತು. ಮರುವಾರ ಕೆರೆಯ ತೂಬನ್ನು ಒಡೆಯಬೇಕೆ ಎಂದು ಕೇಳಿದರು, ಹೌದು. ಶಾಲೆಯ ಹಿಂದಿನ ಬೇವಿನ ಮರ ಕಡಿಯಬೇಕೆ; ಹೌದು. ತೂಬು ಒಡೆದು ಹೊಲ ಮುಳುಗಿದ್ದಕ್ಕೆ ಇಬ್ಬರನ್ನು ಹೊರಗಿಡಬೇಕೆ ಎಂದು ಕೇಳಿದರು. ಮೂವತ್ತೊಂದು ಗಡಿಗೆಗಳಲ್ಲಿ ಒಂದೂ ನೀರಾಗಲಿಲ್ಲ. ಆ ಇಬ್ಬರು ಕಲ್ಲು ದಾಟಿ ಎತ್ತ ಹೋದರೋ ಯಾರಿಗೂ ಗೊತ್ತಿಲ್ಲ. ಜನ ಹಿಗ್ಗಿದರು. ‘ಈಗ ನೋಡ್ರಿ ಊರಾಗ ಒಗ್ಗಟ್ಟು ಬಂತು’ ಎಂದರು. ಒಂದು ದಿನ ಐದನೆಯ ಇಯತ್ತೆಯಲ್ಲಿ, ಪರೀಕ್ಷಿಸಬೇಕೆಂದೇ, “ಏಳು ಎಂಟಲಿ ಐವತ್ನಾಲ್ಕು ಹೌದೇನ್ರೋ?” ಎಂದು ಕೇಳಿದೆ. ನಲವತ್ತು ಮಕ್ಕಳು ಒಂದೇ ಉಸಿರಿನಲ್ಲಿ, ಒಂದೇ ನಗೆಯೊಂದಿಗೆ, “ಹೌದ್ರೀ, ಅಕ್ಕೋರಾ!” ಎಂದರು. ನಲವತ್ತು ಬಾಯಿಗಳು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದವು.

ನಾನು ಸಾವಂತ್ರವ್ವನ ಮನೆಗೆ ಹೋದೆ. ಎಷ್ಟಾದರೂ ನೆತ್ತಿಗೆ ಹೋದ ಎರಡು ಚಮಚಗಳಲ್ಲಿ ನನ್ನದು ಒಂದೇ ಅಲ್ಲವೆ, ಅವಳದು ಗಟ್ಟಿಯಾಗಿದ್ದರೆ ಉತ್ತರ ಹೇಗೂ ಹೌದೇ ಆಗುತ್ತಿತ್ತಲ್ಲವೆ ಎಂಬ ಆಸೆಯೊಂದು ಉಳಿದಿತ್ತು. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

“ಆ ವಾರ ನಿನ್ನ ಗಡಿಗಿ ಗಟ್ಟಿ ಆಗಿತ್ತೇನು, ಖರೇ ಹೇಳು.”

“ಹೌದ್ರಿ.”

ಪ್ರಶ್ನೆ ತಪ್ಪಾಯಿತೆಂದು ತಿಳಿದು ತಿರುಗಿಸಿ ಕೇಳಿದೆ: “ನೀರಾಗಿತ್ತೇನು?”

“ಹೌದ್ರಿ.”

ಆಗ ಕೇಳುವ ಕ್ರಮವನ್ನೇ ಬದಲಿಸಿದೆ. “ಅವತ್ತು ಏನ್ ಆತು, ಮೊದ್ಲಿಂದ ಹೇಳು. ನಾ ನಡುವ ಏನೂ ಕೇಳೂದಿಲ್ಲ.”

ಅವಳ ಕೈಯಲ್ಲಿದ್ದ ಅವರೆಕಾಯಿ ಅಲ್ಲಿಯೇ ನಿಂತಿತು. ಆಳದ ಬಾವಿಯಿಂದ ಕೊಡ ಎಳೆದಂತೆ, ಮಾತು ನಿಧಾನವಾಗಿ ಮೇಲೆ ಬಂತು. “ನೀರ್ ನೀರಾಗಿತ್ರಿ. ನಾಚಿಕಿ ಬಂತು. ಅಕ್ಕೋರ ಮುಂದ ನಂದು ಹಿಂಗಾತಲ್ಲ ಅಂತ. ಆದ್ರ ಇದ್ದದ್ದ ಕೊಡ್ಬೇಕಲ್ರಿ. ಕೊಟ್ಟೆ. ಕುಂಬಾರ ನೀಲಿ ಉಳೀತಾಳ ಬಿಡು ಅಂದ್ಕೊಂಡೆ.”

ಅಕ್ಷರ ಬಾರದ ಹೆಂಗಸು. ನಿಯಮವನ್ನು ಪಾಲಿಸಿದವಳು ಅವಳು.

ಮರುದಿನ ನಾನು ಅಡಿವೆಪ್ಪಜ್ಜನ ಅಂಗಳದಲ್ಲಿ ನಿಂತು, ತೊಟ್ಟು, ಬೂದಿ, ನಗು, ಒಂದನ್ನೂ ಬಿಡದೆ ಹೇಳಿದೆ. ಜನ ಶ್ರದ್ಧೆಯಿಂದ ಕೇಳಿದರು. ಅಜ್ಜ ಗಡ್ಡ ನೀವಿಕೊಂಡ. “ಅಕ್ಕೋರ, ನೀವು ಖರೇ ಹೇಳಾಕತ್ತೀರೋ ಸುಳ್ಳ ಹೇಳಾಕತ್ತೀರೋ, ನಾ ಹೆಂಗ ಹೇಳ್ಲಿ? ನಾ ಬರೇ ಮುಚ್ಚಳಾ ತಗಿಯಾಂವ.”

“ಅಜ್ಜಾರ, ನಿಮಗ ತಲಿ ಇಲ್ಲೇನು? ನೀವ ವಿಚಾರ ಮಾಡ್ರಿ. ಒಂದು ಸಲ, ನೀವ!”

“ಐತ್ರಿ. ಅದಕ್ಕ ಗಡಿಗಿ ಕೇಳೂಣು ಅಂತೀನಿ.”

ಕೇಳಿದರು. ಅಕ್ಕೋರು ಹೇಳಿದ್ದು ಸುಳ್ಳೇ ಎಂದು ಕೇಳಿದರು. ಮೊಸರು ಅಲುಗಲಿಲ್ಲ. ನಿಜವೇ ಎಂದು ಕೇಳಿದ್ದರೂ ಅಲುಗುತ್ತಿರಲಿಲ್ಲ. ಆದರೆ ಒಂದು ವಿಷಯಕ್ಕೆ ವರ್ಷಕ್ಕೆ ಒಂದೇ ಪ್ರಶ್ನೆ. ನನ್ನನ್ನು ಯಾರೂ ಬೈಯಲಿಲ್ಲ. ಸುಳ್ಳು ಹೇಳಿದ್ದಕ್ಕೆ ದಂಡವನ್ನೂ ಕೇಳಲಿಲ್ಲ. ‘ವಯಸ್ಸಾತು, ಪಾಪ’ ಎಂದು ಒಬ್ಬಳು ಶಾಲು ಹೊದಿಸಿದಳು. ಜೀವಮಾನದಲ್ಲಿ ನಾನು ಹೇಳಿದ ಅತ್ಯಂತ ಕಷ್ಟದ ಸತ್ಯಕ್ಕೆ ಕ್ಷಮೆ ದೊರೆಯಿತು. ಇದಕ್ಕಿಂತ ಕಠಿಣವಾದ ಶಿಕ್ಷೆಯನ್ನು ನಾನು ಯಾವ ಮಗುವಿಗೂ ಕೊಟ್ಟಿಲ್ಲ.

ಇಪ್ಪತ್ತೆರಡು ವರ್ಷ ತಡವಾಗಿ ನೀಲಗಂಗವ್ವನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಉತ್ತರ ತಪ್ಪಿದರೆ ಯಾವ ಕೋಶಕ್ಕೆ ಹೊಡೆಯಬೇಕು? ಕೋಶಕ್ಕೆ ಹೊಡೆಯಬೇಕಾಗಿಲ್ಲ, ಮಗಳೇ. ಅದಕ್ಕೆ ಪ್ರಶ್ನೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಗಡಿಗೆಗೆ ಬಗ್ಗಿ ಪ್ರಶ್ನೆಯನ್ನು ಹೇಳಿದವರು ನಾವು, ಅದರಲ್ಲಿ ನಿನ್ನ ಹೆಸರಿದೆಯೆಂದು ಬಲ್ಲವರು ನಾವು. ಆಮೇಲೆ ಕೋಶದ ಮುಗ್ಧತೆಯನ್ನು ಎರವಲು ತಂದು ಹೊದ್ದುಕೊಂಡವರೂ ನಾವೇ. ಯಾರು ಹೆಚ್ಚು ತಿಳಿದೂ ಕಡಿಮೆ ತಿಳಿದಂತೆ ನಡೆದರೋ ಪೆಟ್ಟು ಅವರದು. ಮೊದಲ ಪೆಟ್ಟು ನನ್ನದು.

ಅಂಗಳದಲ್ಲಿ ಹೇಳಿದ ದಿನವೇ ಆ ಒಂದು ಚಮಚ ಮೊಸರನ್ನೂ ಬಿಟ್ಟೆ; ಇಂದಿಗೆ ಹನ್ನೊಂದು ದಿನ. ಮೊನ್ನೆ ಏಳರ ಮಗ್ಗಿ ಹೋಯಿತು. ನಿನ್ನೆ ಹಸಿರಾಗಿ, ಉದ್ದವಾಗಿ, ಖಾರವಾಗಿ ಇರುವುದರ ಹೆಸರು ಹೊಳೆಯದೆ, ಹಿಂದಿನ ಪುಟ ತಿರುಗಿಸಿ ಓದಿಕೊಂಡೆ. ಗೋಡೆಯ ಮೇಲೆ ಸುಣ್ಣದಿಂದ ನೀಲಗಂಗವ್ವ ಎಂದು ಬರೆದಿದ್ದೇನೆ, ಕೆಳಗೆ ನನ್ನ ಹೆಸರು, ಅದರ ಕೆಳಗೆ ‘ನೀರು ಕುಡಿ’ ಎಂದು. ಪ್ರತಿ ಸಂಜೆ ಆವಿಗೆಗೆ ಹೋಗಿ ಅವಳಿಗೆ ರೊಟ್ಟಿ ತಿನ್ನಿಸುತ್ತೇನೆ. ಒಂದೇ ತಂಬಿಗೆ ನೀರು ಕೊಡುತ್ತೇನೆ, ಬೇಕೇ ಎಂದು ಕೇಳುವುದಿಲ್ಲ. ಅವಳು ಬಾಯಿಲ್ಲದ ಗಡಿಗೆಗಳನ್ನು ಮಾಡುತ್ತಲೇ ಇದ್ದಾಳೆ. ಗಡಿಕಲ್ಲಿನಿಂದ ನೋಡಿದರೆ ಆ ಸಾಲು ದಾರಿಯ ತಿರುವಿನವರೆಗೆ ಕಾಣುತ್ತದೆ.

ವರ್ಷಕ್ಕೆ ಎರಡು ಸಲ ಉಪ್ಪಿನ ಗಾಡಿಯವನೊಬ್ಬ ನಮ್ಮ ಕಡೆ ಬರುತ್ತಾನೆ. ತನ್ನ ಬುತ್ತಿಯನ್ನಲ್ಲದೆ ಇಲ್ಲಿ ಏನನ್ನೂ ಮುಟ್ಟುವುದಿಲ್ಲ. ಈ ಹಾಳೆಗಳನ್ನು ಅವನ ಕೈಗೆ ಕೊಡುತ್ತೇನೆ. ಓದಿ ಮರುಗಬೇಡಿ, ನಿಮ್ಮ ಮರುಕದಿಂದ ಇಲ್ಲಿ ಏನೂ ಹೆಪ್ಪುಗಟ್ಟುವುದಿಲ್ಲ. ನಿಮ್ಮ ಅಡುಗೆಮನೆಗೆ ಹೋಗಿ. ಶುದ್ಧವಾದ ಬಿಳಿ ಅರಿವೆಯ ತುಂಡೊಂದನ್ನು ನಿಮ್ಮ ಮನೆಯ ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಮಡಿಸಿ ಅವನ ಕೈಗೆ ಕೊಡಿ. ಒಮ್ಮೆಯೂ ಕೈಕೊಡದ ಮೊಸರು ನಿಮ್ಮದಾಗಿದ್ದರೆ ಬೇಡ. ಚಳಿಯಲ್ಲಿ ಮುನಿಸಿಕೊಂಡು ನೀರಾದದ್ದು, ನೆಂಟರೆದುರು ನಿಮ್ಮ ಮಾನ ಕಳೆದದ್ದು, ಎಷ್ಟು ಬೇಡಿದರೂ ಒಂದು ಬೆಳಿಗ್ಗೆ ‘ಆಗುವುದಿಲ್ಲ’ ಎಂದದ್ದು, ಅಂಥದೇ ಬೇಕು. ಆ ಅರಿವೆಯನ್ನು ಅವಳ ಆಡಿನ ಹಾಲಿನಲ್ಲಿ ನೆನೆಸಿ, ಆದ ಮೊಸರನ್ನು ಮೊದಲು ನೀಲಗಂಗವ್ವನಿಗೆ ಉಣ್ಣಿಸುತ್ತೇನೆ. ಆಮೇಲೆ ನನ್ನ ಗಡಿಗೆಗೆ ಬೆರೆಸುತ್ತೇನೆ. ಇದೂ ಮೋಸವಲ್ಲವೆ ಎಂದು ನೀವು ಕೇಳಬಹುದು. ಕೇಳುವುದು ನಿಮ್ಮ ಕರ್ತವ್ಯ. ಈ ಸಲ ಬೂದಿಯಲ್ಲಿ ಹೂಳುವುದಿಲ್ಲ. ಅಡಿವೆಪ್ಪಜ್ಜನ ಅಂಗಳದಲ್ಲಿ, ಎಲ್ಲರೆದುರು ಅರಿವೆಯನ್ನು ಎತ್ತಿ ತೋರಿಸಿ, ‘ಬೆರೆಸಲೇ?’ ಎಂದು ಕೇಳಿಯೇ ಬೆರೆಸುತ್ತೇನೆ. ಅವರು ಏನು ಹೇಳುತ್ತಾರೆಂದು ನಿಮಗೆ ಗೊತ್ತಿದೆ.

ತಡವಾದರೆ ಆ ಮೊಸರನ್ನು ಹಿಡಿದು ನೀವೇ ಬನ್ನಿ. ಉಪ್ಪಿನ ಗಾಡಿಯ ಜಾಡು ಹಿಡಿದು ಬಂದರೆ ಬಾಯಿಲ್ಲದ ಗಡಿಗೆಗಳ ಸಾಲು ಸಿಗುತ್ತದೆ. ಅಲ್ಲಿ ಇಬ್ಬರು ಹೆಂಗಸರು ಕುಳಿತಿರುತ್ತಾರೆ. ಒಬ್ಬಳ ಕೈಗೆ ಮಣ್ಣು ಮೆತ್ತಿರುತ್ತದೆ, ಇನ್ನೊಬ್ಬಳ ಕೈಗೆ ಸುಣ್ಣ. ಏನನ್ನೂ ಕೇಳಬೇಡಿ. ಮಣ್ಣಿನ ಕೈಯವಳಿಗೆ ಮೊದಲು ಉಣ್ಣಿಸಿ, ಅವಳ ಹೆಸರನ್ನು ಗಟ್ಟಿಯಾಗಿ ಹೇಳಿ. ಪಕ್ಕದವಳು ತಲೆ ಎತ್ತಿ ನೋಡಿದರೆ, ದಯಮಾಡಿ, ಅವಳು ಮಾಡಿದ್ದೇನೆಂದು ಅವಳಿಗೂ ಓದಿ ಹೇಳಿ.